ಕಂಬಳ ನೋಡಲು ಹೋಗುವ ಮೊದಲು: ಎಲ್ಲಿ ನಿಲ್ಲಬೇಕು, ಯಾವಾಗ ಬರಬೇಕು, ಏನನ್ನು ಗಮನಿಸಬೇಕು

ಕಂಬಳಕ್ಕೆ, ಅಂದರೆ ಕರಾವಳಿಯ ಕೆಸರುಗದ್ದೆಯ ಕೋಣದ ಓಟಕ್ಕೆ, ಮೊದಲ ಸಲ ಬರುವವರು ಸಾಮಾನ್ಯವಾಗಿ ಶನಿವಾರ ಮಧ್ಯಾಹ್ನ ಬರುತ್ತಾರೆ. ಬಿಸಿಲಲ್ಲಿ ಎರಡು ಗಂಟೆ ನಿಂತು, ಜನರ ತಲೆಗಳ ಸಂದಿಯಲ್ಲಿ ನಾಲ್ಕಾರು ಜೊತೆ ಕೋಣ ಓಡಿದ್ದನ್ನು ಕಂಡು, ಸಂಜೆಯ ಬಸ್ಸಿಗೆ ವಾಪಸಾಗುತ್ತಾರೆ. ಅವರು ನೋಡಿದ್ದು ಕಂಬಳದ ಮುಂಭಾಗವನ್ನು ಮಾತ್ರ. ಬಿಗಿಯಾದ ಓಟಗಳು ನಡೆಯುವುದು ಮಧ್ಯರಾತ್ರಿ ಕಳೆದ ಮೇಲೆ, ಫೈನಲ್ ಮುಗಿಯುವುದು ಬಹುಪಾಲು ಭಾನುವಾರ ಬೆಳಗ್ಗೆ.

ಇಷ್ಟು ಹೊತ್ತು ಯಾಕೆ ಎಂದು ಕೇಳಿದರೆ ಸರಳ ಲೆಕ್ಕವಿದೆ. ದೊಡ್ಡ ಕೂಟಕ್ಕೆ ನೂರರಿಂದ ಇನ್ನೂರು ಜೊತೆ ಕೋಣಗಳು ಬರುತ್ತವೆ. ಒಂದು ಓಟ ಹದಿಮೂರು ಹದಿನಾಲ್ಕು ಸೆಕೆಂಡಿನಲ್ಲಿ ಮುಗಿದರೂ, ಅದಕ್ಕೆ ಮುಂಚೆ ಎರಡು ಜೊತೆಯನ್ನು ಸಮನಾಗಿ ನಿಲ್ಲಿಸಬೇಕು. ಕೋಣ ಬೆದರಿದರೆ, ತಿರುಗಿ ನಿಂತರೆ, ಹತ್ತು ನಿಮಿಷ ಅಲ್ಲೇ ಹೋಯಿತು. ಒಂದು ಓಟಕ್ಕೆ ಒಂದು ಜೊತೆಯಂತೆ ಹೊರಬೀಳುವಾಗ ನೂರೈವತ್ತು ಜೊತೆಗೆ ಎಷ್ಟು ಓಟ ಬೇಕೆಂದು ಎಣಿಸಿ ನೋಡಿ, ರಾತ್ರಿ ಬೆಳಗಾಗುವುದು ಸಹಜ.

ದಿನ ಗೊತ್ತುಮಾಡಿಕೊಳ್ಳುವುದು

ಋತು ನವೆಂಬರಿನಿಂದ ಮಾರ್ಚ್, ಕೆಲವೊಮ್ಮೆ ಏಪ್ರಿಲ್‌ವರೆಗೆ. ಎರಡು ಪಥಗಳ ಜೋಡುಕರೆ ಕಂಬಳಗಳೆಲ್ಲ ವಾರಾಂತ್ಯದಲ್ಲಿ, ಒಂದಾದ ಮೇಲೆ ಒಂದರಂತೆ ನಡೆಯುತ್ತವೆ, ಯಾಕೆಂದರೆ ಅದೇ ಕೋಣಗಳು ಊರೂರಿಗೆ ಹೋಗಬೇಕು. ಋತುವಿನ ಪಟ್ಟಿಯನ್ನು ಕಂಬಳ ಸಮಿತಿ ಮುಂಚೆಯೇ ಪ್ರಕಟಿಸುತ್ತದೆ, ಕರಾವಳಿ ಆವೃತ್ತಿಯ ಪತ್ರಿಕೆಗಳಲ್ಲಿ ಬರುತ್ತದೆ. ಆದರೆ ಆ ಪಟ್ಟಿಯನ್ನೇ ನಂಬಿ ರೈಲು ಟಿಕೆಟ್ ಮಾಡಿಸಬೇಡಿ. ಅಕಾಲ ಮಳೆ, ಚುನಾವಣೆ, ಊರಿನಲ್ಲಿ ಸಾವು, ಜಾನುವಾರು ರೋಗ ಇವುಗಳಲ್ಲಿ ಯಾವುದು ಬಂದರೂ ದಿನ ಮುಂದೆ ಹೋಗುತ್ತದೆ. ಹೊರಡುವ ವಾರ ಮತ್ತೊಮ್ಮೆ ವಿಚಾರಿಸಿ.

ಮೊದಲ ಸಲದವರಿಗೆ ದಾರಿ ಸುಲಭವಿರುವ ಊರೇ ಒಳ್ಳೆಯದು. ಮೂಡುಬಿದಿರೆಯ ಕೋಟಿ-ಚೆನ್ನಯ ಕಂಬಳ ಕಡಲಕೆರೆಯಲ್ಲಿ ನಡೆಯುತ್ತದೆ, ಮಂಗಳೂರಿನಿಂದ ಸುಮಾರು 35 ಕಿಲೋಮೀಟರ್. ಪುತ್ತೂರಿನ ಕೋಟಿ-ಚೆನ್ನಯ ಕಂಬಳ ಮಹಾಲಿಂಗೇಶ್ವರ ದೇವಸ್ಥಾನದ ದೇವರಮಾರು ಗದ್ದೆಯಲ್ಲಿ. ಅದು ಪೇಟೆಯ ನಡುವೆಯೇ ಇದೆ, ಕಬಕ ಪುತ್ತೂರು ನಿಲ್ದಾಣದಲ್ಲಿ ಇಳಿದರೆ ಆಟೋ ಸಾಕು. ಉಪ್ಪಿನಂಗಡಿಯ ವಿಜಯ-ವಿಕ್ರಮ ಬೆಂಗಳೂರು ಕಡೆಯಿಂದ ಹೆದ್ದಾರಿಯಲ್ಲಿ ಬರುವವರಿಗೆ ಅನುಕೂಲ. ಮಿಯ್ಯಾರಿನ ಲವ-ಕುಶ ಕಾರ್ಕಳದ ಪಕ್ಕದಲ್ಲಿ. ಐಕಳದ ಕಾಂತಾಬಾರೆ-ಬೂದಾಬಾರೆಗೆ ಮೂಲ್ಕಿಯಲ್ಲಿ ರೈಲಿಳಿದು ಕಿನ್ನಿಗೋಳಿ ದಾರಿ ಹಿಡಿಯಬೇಕು.

ಈ ಜೋಡಿ ಹೆಸರುಗಳು ಬರೀ ಅಲಂಕಾರಕ್ಕಲ್ಲ. ‘ಕರೆ’ ಎಂದರೆ ಕೋಣ ಓಡುವ ಕೆಸರಿನ ಪಥ. ಅಕ್ಕಪಕ್ಕ ಎರಡಿದ್ದರೆ ಜೋಡುಕರೆ. ಒಂದೊಂದಕ್ಕೆ ಒಂದೊಂದು ಹೆಸರು. ಮೈಕಿನಲ್ಲಿ ‘ಕೋಟಿ ಕರೆಯಲ್ಲಿ ಇಂಥ ಮನೆಯ ಕೋಣ, ಚೆನ್ನಯ ಕರೆಯಲ್ಲಿ ಇಂಥ ಮನೆಯ ಕೋಣ’ ಎಂದು ಕೂಗುತ್ತಾರೆ. ಯಾವ ಬದಿ ಯಾವ ಕರೆ ಎಂದು ಬಂದ ಕೂಡಲೇ ಪಕ್ಕದವರಲ್ಲಿ ಕೇಳಿಟ್ಟುಕೊಳ್ಳಿ, ಇಲ್ಲದಿದ್ದರೆ ಗೆದ್ದವರು ಯಾರೆಂದೇ ತಿಳಿಯುವುದಿಲ್ಲ. ಒಂದೇ ಮನೆಯಿಂದ ಎರಡು ಜೊತೆ ಬಂದಿದ್ದರೆ ಹೆಸರಿನ ಕೊನೆಗೆ ‘ಎ’, ‘ಬಿ’ ಎಂದು ಸೇರಿಸುತ್ತಾರೆ. ಉದ್ಘೋಷಣೆ ತುಳು ಮತ್ತು ಕನ್ನಡ ಬೆರೆತದ್ದು. ತುಳುವಿನಲ್ಲಿ ‘ಎರು’ ಎಂದರೆ ಕೋಣ, ಇಷ್ಟು ಗೊತ್ತಿದ್ದರೆ ಅರ್ಧ ಮಾತು ಹಿಡಿಯಬಹುದು.

ಓಟಗಳ ಬಗೆ

ಕನೆಹಲಗೆ, ಅಡ್ಡಹಲಗೆ, ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ ಎಂದು ಮುಖ್ಯವಾಗಿ ಆರು. ಹಿರಿಯ, ಕಿರಿಯ ಎನ್ನುವುದು ಓಟಗಾರನ ವಯಸ್ಸಲ್ಲ, ಕೋಣದ್ದು. ಅದನ್ನು ಹಲ್ಲು ನೋಡಿ ತೀರ್ಮಾನಿಸುತ್ತಾರೆ. ಎಳೆಯ ಕೋಣಗಳು ಬೇಗ ಬೆದರುತ್ತವೆ, ಆದ್ದರಿಂದ ಕಿರಿಯ ವಿಭಾಗದಲ್ಲಿ ಗೊಂದಲ ಹೆಚ್ಚು, ಕಾಯುವುದೂ ಹೆಚ್ಚು.

ಹಗ್ಗದ ಓಟದಲ್ಲಿ ನೊಗಕ್ಕೆ ಕಟ್ಟಿದ ಹಗ್ಗವೊಂದೇ ಓಟಗಾರನ ಆಧಾರ. ನೇಗಿಲಿನಲ್ಲಿ ಹಗುರ ಮರದ ನೇಗಿಲಿನಾಕಾರದ ಹಿಡಿ ಇರುತ್ತದೆ. ಅಡ್ಡಹಲಗೆಯಲ್ಲಿ ಓಟಗಾರ ಓಡುವುದಿಲ್ಲ, ಅಡ್ಡಲಾಗಿ ಕಟ್ಟಿದ ಹಲಗೆಯ ಮೇಲೆ ನಿಂತು ಸಾಗುವುದು. ಬಿತ್ತನೆಗೆ ಮುಂಚೆ ಗದ್ದೆ ಮಟ್ಟ ಮಾಡುವ ಕೆಲಸದ ನೆನಪು ಅದರಲ್ಲಿದೆ.

ಕನೆಹಲಗೆಯ ಬಗ್ಗೆ ತುಸು ಹೆಚ್ಚು ಹೇಳಬೇಕು. ಇಲ್ಲಿ ವೇಗ ಮುಖ್ಯವಲ್ಲ, ನೀರು ಚಿಮ್ಮುವ ಎತ್ತರ ಮುಖ್ಯ. ಕೋಣಗಳ ಹಿಂದೆ ಎಳೆದು ಹೋಗುವ ಹಲಗೆಯಲ್ಲಿ ತೂತುಗಳಿರುತ್ತವೆ. ಅದರ ಮೇಲೆ ಒಂಟಿಕಾಲಲ್ಲಿ ನಿಂತವನು ಭಾರ ಹಾಕಿ ಒತ್ತಿದಾಗ, ಅಡಿಯ ನೀರು ಆ ತೂತುಗಳಿಂದ ಬುಗ್ಗೆಯಂತೆ ಮೇಲೇರುತ್ತದೆ. ಕರೆಗೆ ಅಡ್ಡಲಾಗಿ ಎತ್ತರದಲ್ಲಿ ಕಟ್ಟಿದ ಬಟ್ಟೆಯ ಪಟ್ಟಿಯೇ ನಿಶಾನೆ. ಆರೂವರೆ ಕೋಲು, ಏಳೂವರೆ ಕೋಲು ಎಂದು ಅದರ ಎತ್ತರ ಹೇಳುತ್ತಾರೆ. ನೀರು ಅಲ್ಲಿಗೆ ಮುಟ್ಟಿದರೆ ‘ನಿಶಾನೆಗೆ ನೀರು ಹಾಯಿಸಿದರು’ ಎಂದು ಮೈಕಿನಲ್ಲಿ ಕೇಳುತ್ತದೆ. ಓಡಿಸಿದವರು ಎನ್ನುವುದಿಲ್ಲ, ‘ಹಲಗೆ ಮೆಟ್ಟಿದವರು’ ಎನ್ನುತ್ತಾರೆ. ತಪ್ಪುವುದು ಎರಡು ಕಾರಣಕ್ಕೆ: ಭಾರ ತುಸು ಬೇಗ ಬಿದ್ದರೆ ನಿಶಾನೆಯ ಅಡಿಗೆ ಬರುವಷ್ಟರಲ್ಲಿ ಬುಗ್ಗೆ ಇಳಿದಿರುತ್ತದೆ, ಎರಡು ಕೋಣಗಳ ನಡೆ ಸಮವಿಲ್ಲದಿದ್ದರೆ ಹಲಗೆ ಓರೆಯಾಗಿ ನೀರು ಪಕ್ಕಕ್ಕೆ ಚೆಲ್ಲುತ್ತದೆ. ಇದನ್ನು ತಿಳಿದು ನೋಡಿದರೆ ಬರೀ ಕಾರಂಜಿ ಎಂದು ಅನಿಸುವುದಿಲ್ಲ. ಹಗಲು ಬೆಳಕಿನಲ್ಲೇ ಇದನ್ನು ನೋಡಬೇಕು, ಎಷ್ಟು ಹೊತ್ತಿಗೆಂದು ಸಮಿತಿಯ ಚಪ್ಪರದಲ್ಲಿ ಕೇಳಿ.

ನಿಲ್ಲುವ ಜಾಗ

ಕರೆಗೆ ಎರಡು ತುದಿ. ಓಟ ಬಿಡುವ ತುದಿ ಗಂತು, ಮುಗಿಯುವ ತುದಿ ಮಂಜೊಟ್ಟಿ. ಮಂಜೊಟ್ಟಿ ಮೇಲೇರುವ ಇಳಿಜಾರು, ಕೋಣಗಳ ವೇಗ ತಗ್ಗುವುದು ಅಲ್ಲಿ. ಹೊಸಬರು ಮಾಡುವ ದೊಡ್ಡ ತಪ್ಪು ಫೋಟೋ ಚೆನ್ನಾಗಿ ಬರುತ್ತದೆಂದು ಮಂಜೊಟ್ಟಿಯ ನೇರಕ್ಕೆ ನಿಲ್ಲುವುದು. ಗೆರೆ ದಾಟಿದ ಕೋಣ ಅಲ್ಲೇ ನಿಲ್ಲುವುದಿಲ್ಲ. ಓಡಿಸಿದವನು ಬಿದ್ದಿದ್ದರೆ ಅದನ್ನು ಹಿಡಿಯುವವರೂ ಇರುವುದಿಲ್ಲ, ಮುಂದೆ ಎಲ್ಲಿ ಬಯಲು ಕಂಡಿತೋ ಅತ್ತ ನುಗ್ಗುತ್ತದೆ. ಕೋಣ ಹಿಡಿಯುವ ಹುಡುಗರಿಗೆ ದಾರಿ ಬಿಟ್ಟು, ಬೇಲಿಯ ಹೊರಗೆ, ಪಕ್ಕಕ್ಕೆ ನಿಲ್ಲಿ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡವರು ಮಂಜೊಟ್ಟಿಯ ಹತ್ತಿರ ಹೋಗಲೇಬಾರದು, ಓಡಬೇಕಾದಾಗ ಓಡಲಾಗುವುದಿಲ್ಲ.

ಮಧ್ಯಾಹ್ನ ಕರೆಯ ನಡುಭಾಗದ ದಂಡೆಯಲ್ಲಿ ನಿಲ್ಲಿ, ಸೂರ್ಯ ಬೆನ್ನಿಗೆ ಬರುವ ಬದಿ ಆರಿಸಿಕೊಳ್ಳಿ. ಕನೆಹಲಗೆಗೆ ನಿಶಾನೆಯ ಎದುರು, ನಾಲ್ಕಾರು ಮೀಟರ್ ಹಿಂದೆ. ಸಂಜೆಗೆ ಒಮ್ಮೆ ಗಂತಿಗೆ ಹೋಗಿ ಬನ್ನಿ. ಎರಡು ಜೊತೆ ಸಮವಾಗಿ ನಿಲ್ಲುವ ಆ ಕ್ಷಣ, ನಾಲ್ಕೈದು ಜನ ಕೋಣದ ಮುಖ ಹಿಡಿದು ಸಮಾಧಾನ ಹೇಳುವುದು, ಓಟಗಾರ ಹಗ್ಗವನ್ನು ಕೈಗೆ ಸುತ್ತಿಕೊಳ್ಳುವುದು ದೂರದಿಂದ ಕಾಣುವುದಿಲ್ಲ. ನಡುರಾತ್ರಿಯ ನಂತರ ಜನ ಕರಗುತ್ತದೆ, ಆಗ ಮುಕ್ತಾಯದ ಗೆರೆಯ ಪಕ್ಕಕ್ಕೇ ಜಾಗ ಸಿಗುತ್ತದೆ. ಸೆಮಿಫೈನಲ್ ನೋಡಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಕ್ಯಾಮೆರಾ ಇದ್ದವರು ಹಗಲಲ್ಲಿ ಶಟರ್ ವೇಗವನ್ನು ಸೆಕೆಂಡಿನ 1/1000ಕ್ಕಿಂತ ಕೆಳಗಿಳಿಸಬೇಡಿ, ಇಲ್ಲದಿದ್ದರೆ ಕೆಸರಿನ ಹನಿಗಳು ಗೆರೆಯಾಗುತ್ತವೆ. ರಾತ್ರಿ ಫ್ಲ್ಯಾಶ್ ಬೇಡ, ಕೋಣ ಬೆದರುತ್ತದೆ. ಕೊಡೆ ಬಿಚ್ಚುವುದೂ ಅಷ್ಟೇ ಅಪಾಯ. ಬಿಸಿಲಿಗೆ ಟೊಪ್ಪಿ ಹಾಕಿದರೆ ಅಥವಾ ಬೈರಾಸು (ಟವೆಲು) ತಲೆಗೆ ಸುತ್ತಿದರೆ ಸಾಕು.

ಸಮಯದ ಲೆಕ್ಕ

ಈಗ ಹೆಚ್ಚಿನ ಕೂಟಗಳಲ್ಲಿ ಲೇಸರ್ ಕಿರಣದಿಂದ ಸಮಯ ಅಳೆದು ಫಲಕದಲ್ಲಿ ತೋರಿಸುತ್ತಾರೆ. ಒಂದು ಊರಿನ ಸಮಯವನ್ನು ಇನ್ನೊಂದು ಊರಿನದಕ್ಕೆ ಹಾಗೇ ಹೋಲಿಸಬೇಡಿ. ಕರೆಯ ಉದ್ದ ಒಂದೇ ಅಲ್ಲ, 120ರಿಂದ 160 ಮೀಟರ್‌ವರೆಗೆ ವ್ಯತ್ಯಾಸವಿದೆ. 2020ರ ಫೆಬ್ರವರಿಯಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಮುಗಿಸಿದಾಗ, ಜನ ಅದನ್ನು ನೂರು ಮೀಟರಿಗೆ ಇಳಿಸಿ 9.55 ಎಂದು ಲೆಕ್ಕ ಹಾಕಿ ಉಸೇನ್ ಬೋಲ್ಟ್‌ಗೆ ಹೋಲಿಸಿದರು. ಆ ಹೋಲಿಕೆ ಇಬ್ಬರಿಗೂ ನ್ಯಾಯವಲ್ಲ. ಕಂಬಳದಲ್ಲಿ ಕೋಣಗಳ ಎಳೆತ ಓಟಗಾರನನ್ನು ಮುಂದೆ ಒಯ್ಯುತ್ತದೆ. ಅವನ ಕಷ್ಟ ಬೇರೆ: ಮೊಣಕಾಲವರೆಗಿನ ಕೆಸರಿನಲ್ಲಿ ಬೀಳದೆ, ಎರಡು ಪ್ರಾಣಿಗಳನ್ನು ಒಂದೇ ಗೆರೆಯಲ್ಲಿ ಇಟ್ಟುಕೊಂಡು, ಆ ವೇಗಕ್ಕೆ ತನ್ನ ಹೆಜ್ಜೆ ಹೊಂದಿಸುವುದು. ಸಾಲು ಓರೆಯಾದರೆ ಸೆಕೆಂಡಿನ ಹತ್ತರಲ್ಲೊಂದು ಭಾಗ ಹೋಗುತ್ತದೆ, ಫೈನಲ್ ಸೋಲಲು ಅಷ್ಟು ಸಾಕು.

ತಿಳಿದು ಬರಬೇಕಾದ ಹಿನ್ನೆಲೆ

ತುಳುನಾಡಿನ ಗದ್ದೆಗೆ ಏಣೇಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ. ಏಣೇಲು ಕೊಯ್ಲಾದ ಮೇಲೆ ಸುಗ್ಗಿಗೆ ಗದ್ದೆ ಹದ ಮಾಡುವ ಹೊತ್ತಿನ ಆಚರಣೆ ಕಂಬಳ. ದೇವಸ್ಥಾನ, ಬೀಡು, ಗುತ್ತುಗಳ (ಊರ ಹಿರಿಮನೆಗಳ) ಹಳೆಯ ಕಂಬಳಗಳಲ್ಲಿ ಸ್ಪರ್ಧೆಯೇ ಇರಲಿಲ್ಲ. ಕೋಣಗಳನ್ನು ಅಲಂಕರಿಸಿ ಗದ್ದೆಗಿಳಿಸುವುದು, ಹೂವಿನ ಸಿಂಗಾರದ ಪೂಕರೆ ಕಂಬ ನೆಡುವುದು, ಆ ಮೇಲೆ ನಾಟಿ. ಇಂಥವು ಈಗಲೂ ನಡೆಯುತ್ತವೆ, ಕುಂದಾಪುರ ಕಡೆಯಲ್ಲಿ ವಂಡಾರಿನ ಕಂಬಳ ಹೆಸರಾದದ್ದು. ಅರ್ಧ ದಿನದಲ್ಲಿ ಮುಗಿಯುವ ಇವುಗಳಲ್ಲಿ ಒಂದನ್ನಾದರೂ ನೋಡಿದರೆ ಜೋಡುಕರೆಯ ಅಬ್ಬರ ಎಲ್ಲಿಂದ ಬಂತೆಂದು ತಿಳಿಯುತ್ತದೆ. ಅಲ್ಲಿ ಚಪ್ಪಲಿ ಹಾಕಿ ಗದ್ದೆಗೆ ಇಳಿಯಬೇಡಿ.

ಇದೇ ಹಳೆಯ ಆಚರಣೆಗೆ ಇನ್ನೊಂದು ಮುಖವಿದೆ, ಅದನ್ನು ಮರೆಮಾಡಿ ಕಂಬಳವನ್ನು ಹೊಗಳುವುದು ಸರಿಯಲ್ಲ. ಹಿಂದಿನ ರಾತ್ರಿ ಕೊರಗ ಸಮುದಾಯದವರನ್ನು ಮಂಜಿನಲ್ಲಿ ಕೂರಿಸಿ ಡೋಲು ಬಾರಿಸಿ ಕುಣಿಸುತ್ತಿದ್ದರು, ‘ಪನಿಕುಲ್ಲುನಿ’ ಎಂದು ಅದರ ಹೆಸರು. ಕೋಣಗಳಿಗಿಂತ ಮುಂಚೆ ಅವರನ್ನೇ ಕರೆಯಲ್ಲಿ ಓಡಿಸುತ್ತಿದ್ದರು, ಮುಳ್ಳು ಗಾಜು ಇದ್ದರೆ ಅವರ ಕಾಲಿಗೆ ಚುಚ್ಚಲೆಂದು. ಕೊರಗರನ್ನು ಹೀಗೆ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ಕರ್ನಾಟಕ 2000ದ ಕಾಯ್ದೆಯಿಂದ ನಿಷೇಧಿಸಿದೆ. ಎಲ್ಲಾದರೂ ಅದರ ನೆರಳು ಕಂಡರೆ ‘ಸಂಪ್ರದಾಯ’ ಎಂದು ಫೋಟೋ ತೆಗೆಯಬೇಡಿ, ದೂರು ಕೊಡಿ.

ಪ್ರಾಣಿಹಿಂಸೆಯ ಪ್ರಶ್ನೆಯೂ ಹಾಗೆಯೇ. ಜಲ್ಲಿಕಟ್ಟು ಕುರಿತ 2014ರ ಮೇ 7ರ ಸುಪ್ರೀಂ ಕೋರ್ಟ್ ತೀರ್ಪಿನ ಬೆನ್ನಿಗೆ ಕಂಬಳವೂ ನಿಂತಿತು. 2017ರಲ್ಲಿ ರಾಜ್ಯ ಸರಕಾರ ಕಂಬಳಕ್ಕೆ ಅವಕಾಶ ಕೊಡುವಂತೆ ಪ್ರಾಣಿಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. ಅನುಮತಿ ಇರುವುದು ಕೋಣಕ್ಕೆ ಅನಗತ್ಯ ನೋವಾಗಬಾರದು ಎಂಬ ಷರತ್ತಿನ ಮೇಲೆ. ಹೊಡೆತ ಮಿತಿ ಮೀರಿದ್ದು ಕಂಡರೆ ತೀರ್ಪುಗಾರರ ಚಪ್ಪರಕ್ಕೆ ಹೋಗಿ ಹೇಳಿ. ವರ್ಷವಿಡೀ ಹುರುಳಿ ಬೇಯಿಸಿ ಹಾಕಿ, ಎಣ್ಣೆ ತಿಕ್ಕಿ, ಕೆರೆಯಲ್ಲಿ ಈಜಿಸಿ ಕೋಣ ಸಾಕುವವರೇ ಮೊದಲು ನಿಮ್ಮ ಪರ ನಿಲ್ಲುತ್ತಾರೆ.

ದಾರಿ, ಊಟ, ಹಗಲಿನ ಬಿಡುವು

ಶನಿವಾರ ಬೆಳಗ್ಗೆ ಉದ್ಘಾಟನೆಗೆ ಬಂದು ಕೋಣಗಳು ಡೋಲು, ವಾದ್ಯದೊಂದಿಗೆ ಗದ್ದೆಗಿಳಿಯುವುದನ್ನು ನೋಡಿ. ನಡುಹಗಲಲ್ಲಿ ಸುತ್ತಾಡಲು ಹೊರಡಬಹುದು. ಮೂಡುಬಿದಿರೆಯಲ್ಲಿದ್ದರೆ 1430ರ ಸಾವಿರ ಕಂಬದ ಬಸದಿ ಅಲ್ಲೇ ಇದೆ. ಮಿಯ್ಯಾರಿನಲ್ಲಿದ್ದರೆ ಕಾರ್ಕಳದ 1432ರ ಗೊಮ್ಮಟ ಮತ್ತು ಅದರ ಎದುರು ಗುಡ್ಡದ 1586ರ ಚತುರ್ಮುಖ ಬಸದಿ. ವೇಣೂರಿನ ಕಂಬಳಕ್ಕೆ ಹೋದವರು 1604ರ ಗೊಮ್ಮಟನನ್ನು ನೋಡದೆ ಬರಬೇಡಿ. ಸಂಜೆ ಐದರೊಳಗೆ ಗದ್ದೆಗೆ ಮರಳಿದರೆ ರಾತ್ರಿಯ ಭಾಗ ಪೂರ್ತಿ ಸಿಗುತ್ತದೆ.

ರಾತ್ರಿ ಒಂಬತ್ತರ ನಂತರ ಒಳದಾರಿಗಳಲ್ಲಿ ಬಸ್ ಸಿಗುವುದು ಕಷ್ಟ. ಬೆಳಗಿನ ಮೊದಲ ಬಸ್ಸಿನವರೆಗೆ ಇರುವ ಮನಸ್ಸು ಮಾಡಿ ಬನ್ನಿ, ಅಥವಾ ವಾಹನ ಗೊತ್ತುಮಾಡಿಕೊಳ್ಳಿ. ಕಾರನ್ನು ಕೊಯ್ದ ಗದ್ದೆಯಲ್ಲಿ ನಿಲ್ಲಿಸುವಾಗ ಮೂತಿ ಹೊರದಾರಿಗೆ ತಿರುಗಿಸಿಡಿ, ಕರೆಯ ಬದಿಯ ತಗ್ಗು ಬಿಟ್ಟುಬಿಡಿ. ಅಲ್ಲಿಗೆ ರಾತ್ರಿ ನೀರು ಜಿನುಗಿ ಚಕ್ರ ಹೂತುಹೋಗುತ್ತದೆ. ಸಾವಿರಾರು ಫೋನು ಒಂದೇ ಕಡೆ ಸೇರಿ ನೆಟ್‌ವರ್ಕ್ ಕುಸಿಯುವುದರಿಂದ ನಗದು ಕೈಯಲ್ಲಿರಲಿ. ಸಂತೆಯಲ್ಲಿ ಚರ್ಮುರಿ, ಗೋಳಿಬಜೆ, ಕೋರಿರೊಟ್ಟಿ ಎಲ್ಲ ಸಿಗುತ್ತವೆ, ಕುಡಿಯುವ ನೀರು ಮಾತ್ರ ತಲೆಗೆ ಎರಡು ಲೀಟರ್ ನೀವೇ ತನ್ನಿ. ಡಿಸೆಂಬರ್, ಜನವರಿಯ ನಸುಕಿಗೆ ಮಂಜು ಬೀಳುತ್ತದೆ, ತೆಳು ಹೊದಿಕೆಯೊಂದು ಬೇಕೇಬೇಕು.

ಬಿಳಿ ಬಟ್ಟೆ ಬೇಡ. ಕರೆಯ ಕೆಸರು ಹತ್ತು ಹನ್ನೆರಡು ಅಡಿ ದೂರಕ್ಕೂ ಸಿಡಿಯುತ್ತದೆ. ಸಿಡಿದರೆ ಒದ್ದೆ ಇರುವಾಗ ಉಜ್ಜಬೇಡಿ, ನೂಲಿನೊಳಗೆ ಇಳಿಯುತ್ತದೆ. ಪೂರ್ತಿ ಒಣಗಲು ಬಿಟ್ಟು, ಕೊಡವಿ, ತಣ್ಣೀರಿನಲ್ಲಿ ಎರಡು ಸಲ ಜಾಲಿಸಿ, ಆಮೇಲೆ ಸಾಬೂನು ಹಾಕಿ.