ದೈತ್ಯ ರೋಬೋಟ್ ಏರುವ ಮುನ್ನ: ಆನ್‌ಲೈನ್ ಆಟದ ಮೇಜಿಗೆ ಸೇರುವುದು ಹೇಗೆ?

ಡೊಂಬಿವಲಿಯಲ್ಲಿ ಒಬ್ಬರು, ವಸಾಯಿಯಲ್ಲಿ ಒಬ್ಬರು, ನೆರೂಲ್‌ನಲ್ಲಿ ಇಬ್ಬರು. ಕಚೇರಿ ಮುಗಿಸಿ ಲೋಕಲ್ ಹಿಡಿದು ಈ ನಾಲ್ವರು ಒಂದೇ ಮನೆಯಲ್ಲಿ ಸೇರುವುದು ವಾರದ ದಿನಗಳಲ್ಲಿ ಆಗದ ಮಾತು. ಭಾನುವಾರ ಸೇರೋಣವೆಂದರೆ ಹಳಿ ದುರಸ್ತಿಗೆಂದು ಲೋಕಲ್ ನಿಲ್ಲಿಸುವ ಮೆಗಾ ಬ್ಲಾಕ್. ಆದರೆ ಊಟ ಮುಗಿಸಿ ರಾತ್ರಿ ಹತ್ತಕ್ಕೆ ಹೆಡ್‌ಫೋನ್ ಹಾಕಿಕೊಂಡರೆ ಇದೇ ನಾಲ್ವರು ದೂರದ ಯಾವುದೋ ಗ್ರಹದಲ್ಲಿ, ಉಕ್ಕಿನ ದೈತ್ಯ ಯಂತ್ರಗಳ ಎದೆಗೂಡಿನೊಳಗೆ ಕುಳಿತು, ಒಬ್ಬರಿಗೊಬ್ಬರು ಬೆನ್ನು ಕಾಯಬಹುದು. ಆನ್‌ಲೈನ್ ರೋಲ್‌ಪ್ಲೇಯಿಂಗ್ ಆಟ ಮುಂಬೈಯಂಥ ಊರಿಗೆ ಹೇಳಿ ಮಾಡಿಸಿದ್ದು ಎಂದು ನಾನು ನಂಬಿರುವುದು ಇದಕ್ಕಾಗಿಯೇ.

ಇದು ವಿಡಿಯೊ ಗೇಮ್ ಅಲ್ಲ. ಕಂಪ್ಯೂಟರ್ ಇಲ್ಲಿ ಬರೀ ಮೇಜು, ನಕ್ಷೆ ಮತ್ತು ದಾಳ. ಕಥೆ ಹುಟ್ಟುವುದು ಮಾತಿನಲ್ಲಿ. ಒಬ್ಬರು ಗೇಮ್ ಮಾಸ್ಟರ್ ಆಗಿ ಲೋಕವನ್ನು ಕಟ್ಟುತ್ತಾರೆ, ಶತ್ರುಗಳನ್ನು ನಡೆಸುತ್ತಾರೆ, ನಿಯಮದ ತೀರ್ಪು ಹೇಳುತ್ತಾರೆ. ಉಳಿದ ಮೂರರಿಂದ ಐದು ಮಂದಿ ತಲಾ ಒಂದು ಪಾತ್ರ ವಹಿಸುತ್ತಾರೆ. ಮಾಟುಂಗಾದ ಸಭಾಗೃಹಗಳಲ್ಲಿ ತಾಳಮದ್ದಲೆ ಕೇಳಿ ಬೆಳೆದವರಿಗೆ ಇದರ ಸ್ವರೂಪ ಬೇಗ ಹಿಡಿಸುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲೇ ಪಾತ್ರವಾಗಿ ಮಾತಾಡಬೇಕು, ಎದುರಿನವರ ಮಾತಿಗೆ ಆ ಕ್ಷಣದಲ್ಲೇ ಉತ್ತರ ಹೊಳೆಯಬೇಕು, ಕಥೆಯನ್ನು ಮುಂದಕ್ಕೆ ಒಯ್ಯಲು ಭಾಗವತರಿರುತ್ತಾರೆ. ವ್ಯತ್ಯಾಸ ಒಂದೇ, ಆದರೆ ದೊಡ್ಡದು. ಅಲ್ಲಿ ಕರ್ಣ ಕೊನೆಗೆ ಬೀಳುತ್ತಾನೆಂದು ಎಲ್ಲರಿಗೂ ಗೊತ್ತು. ಇಲ್ಲಿ ಅಂತ್ಯವೇನೆಂದು ಗೇಮ್ ಮಾಸ್ಟರಿಗೂ ಗೊತ್ತಿರುವುದಿಲ್ಲ.

1974ರಲ್ಲಿ ಅಮೆರಿಕದಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹೊರಬಂದಾಗಿನಿಂದ ಈ ಬಗೆಯ ಆಟಗಳು ಬೆಳೆದಿವೆ. ದೈತ್ಯ ರೋಬೋಟ್‌ಗಳ ಆಟಗಳಲ್ಲಿ ಹೊಸಬರಿಗೆ ನಾನು ಸೂಚಿಸುವುದು 2019ರಲ್ಲಿ ಮ್ಯಾಸಿಫ್ ಪ್ರೆಸ್ ಹೊರತಂದ ‘ಲ್ಯಾನ್ಸರ್’. ಕಾರಣ ಸರಳ: ಆಟಗಾರರಿಗೆ ಬೇಕಾದ ನಿಯಮಗಳಷ್ಟೂ ಇರುವ ಆವೃತ್ತಿ ಉಚಿತ. ಹಣ ಕೊಟ್ಟು ಪೂರ್ತಿ ಪುಸ್ತಕ ಕೊಳ್ಳಬೇಕಾದವರು ಗೇಮ್ ಮಾಸ್ಟರ್ ಮಾತ್ರ. ಕಾಲೇಜು ಮಕ್ಕಳಿಗೆ ಇದು ಸಣ್ಣ ಸಂಗತಿಯಲ್ಲ.

ಮೊದಲು ಮೇಜು, ಆಮೇಲೆ ಪುಸ್ತಕ

ಸೇರಬೇಕೆಂದುಕೊಂಡವರಲ್ಲಿ ಹೆಚ್ಚಿನವರು ನಿಯಮಪುಸ್ತಕ ಹಿಡಿದು ಕೂರುತ್ತಾರೆ, ಐವತ್ತನೆಯ ಪುಟದ ಹೊತ್ತಿಗೆ ಸುಸ್ತಾಗುತ್ತಾರೆ. ಮೊದಲು ಮೇಜು, ಅಂದರೆ ಆಡುವ ಗುಂಪು, ಹುಡುಕಿ. ಜೊತೆಗೆ ಆಡುವವರು ಸಿಕ್ಕಿದರೆ ನಿಯಮಗಳು ತಾವಾಗಿಯೇ ತಲೆಗೆ ಹತ್ತುತ್ತವೆ.

ಹುಡುಕುವ ಜಾಗಗಳು ಮುಖ್ಯವಾಗಿ ಎರಡು: ಮಾತು, ಚಾಟ್‌ಗೆ ಬಳಸುವ ಡಿಸ್ಕಾರ್ಡ್ ಆ್ಯಪ್‌ನಲ್ಲಿರುವ ಆಟದ ಗುಂಪುಗಳು, ಮತ್ತು ರೋಲ್20 ತಾಣದಲ್ಲಿ ಆಟಗಾರರನ್ನು ಕರೆಯುವ ಪ್ರಕಟಣೆಗಳು. ಪ್ರಕಟಣೆಯಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಗಡಿಯಾರ. ನ್ಯೂಯಾರ್ಕಿನ ಶುಕ್ರವಾರ ಸಂಜೆ ಎಂಟು ಗಂಟೆ ನಮಗೆ ಶನಿವಾರ ಬೆಳಗಿನ ಐದೂವರೆ. ಚಳಿಗಾಲದಲ್ಲಿ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದಾಗ ಆರೂವರೆ. ಲಂಡನ್ನಿನ ಸಂಜೆ ಏಳು ನಮಗೆ ಬೇಸಿಗೆಯಲ್ಲಿ ರಾತ್ರಿ ಹನ್ನೊಂದೂವರೆ, ಚಳಿಗಾಲದಲ್ಲಿ ಹನ್ನೆರಡೂವರೆ. ಮುಂಜಾನೆ ಆಟಕ್ಕೆ ಕೂರುವುದು ಕೆಲವರಿಗೆ ಒಗ್ಗುತ್ತದೆ. ಮರುದಿನ 7.10ರ ಫಾಸ್ಟ್ ಹಿಡಿಯಬೇಕಾದವರು ಮಧ್ಯರಾತ್ರಿಯ ಮೇಜಿಗೆ ಒಪ್ಪಿಕೊಳ್ಳಬೇಡಿ. ಎರಡನೆಯ ವಾರಕ್ಕೇ ತಪ್ಪಿಸತೊಡಗುತ್ತೀರಿ, ಆಗ ಉಳಿದವರ ಸಂಜೆಯೂ ಕೆಡುತ್ತದೆ.

ಎರಡನೆಯದಾಗಿ, ಅದು ಕ್ಯಾಂಪೇನೋ ಒನ್‌ಶಾಟ್ಟೋ ಎಂದು ಕೇಳಿಕೊಳ್ಳಿ. ಒನ್‌ಶಾಟ್ ಒಂದೇ ಕೂಟಕ್ಕೆ ಮುಗಿಯುತ್ತದೆ. ಕ್ಯಾಂಪೇನ್ ತಿಂಗಳುಗಟ್ಟಲೆ ಸಾಗುವ ಧಾರಾವಾಹಿ ಕಥೆ. ವಾರಕ್ಕೊಮ್ಮೆ ಅಥವಾ ಹದಿನೈದು ದಿನಕ್ಕೊಮ್ಮೆ ಮೂರು ಗಂಟೆ ಕೊಡಬೇಕು. ಸಾಧ್ಯವಾದರೆ ಅದೇ ಗೇಮ್ ಮಾಸ್ಟರ್ ನಡೆಸುವ ಒನ್‌ಶಾಟ್ ಒಂದನ್ನು ಮೊದಲು ಆಡಿ. ಕೆಲವು ಮೇಜುಗಳಲ್ಲಿ ಪ್ರತಿ ಕೂಟಕ್ಕೆ ಶುಲ್ಕವಿರುತ್ತದೆ. ಮೊದಲ ಸಲಕ್ಕೆ ಅದರ ಅಗತ್ಯ ನನಗೆ ಕಂಡಿಲ್ಲ.

ಅರ್ಜಿ ಬರೆಯುವಾಗ ಪಾತ್ರದ ಉದ್ದನೆಯ ಪೂರ್ವಕಥೆ ಕಳಿಸಬೇಡಿ. ಗೇಮ್ ಮಾಸ್ಟರ್ ತಿಳಿಯಬಯಸುವುದು ಮನುಷ್ಯರನ್ನು. ಇಷ್ಟಿದ್ದರೆ ಸಾಕು: “ನಮಸ್ಕಾರ. ನಾನು ಠಾಣೆಯಲ್ಲಿರುವವಳು, ಬ್ಯಾಂಕ್ ಉದ್ಯೋಗಿ. ಲ್ಯಾನ್ಸರ್ ಆಡಿಲ್ಲ, ಕಲಿಯುವ ಆಸೆಯಿದೆ. ಬುಧವಾರ ರಾತ್ರಿ 9.30ರ ನಂತರ ಬಿಡುವು. ತಿಂಗಳ ಕೊನೆಯ ವಾರ ಮಾತ್ರ ತಡವಾಗಬಹುದು. ಕಾದಾಟಕ್ಕಿಂತ ಪಾತ್ರಗಳ ನಡುವಿನ ಮಾತು ನನಗೆ ಹೆಚ್ಚು ಇಷ್ಟ. ಲ್ಯಾಪ್‌ಟಾಪ್, ಮೈಕ್ ಇವೆ.” ಬಿಡುವಿನ ವಿಷಯದಲ್ಲಿ ಹೀಗೆ ಬಿಚ್ಚಿ ಹೇಳುವವರನ್ನು ಯಾವ ಗೇಮ್ ಮಾಸ್ಟರೂ ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ಮನೆಯ ಹಿರಿಯರಿಗೊಂದು ಮಾತು: ಡಿಸ್ಕಾರ್ಡ್‌ಗೆ ಕನಿಷ್ಠ 13 ವರ್ಷ ತುಂಬಿರಬೇಕು. ಹದಿಹರೆಯದ ಮಕ್ಕಳು ಸೇರುವುದಾದರೆ ಪರಿಚಿತರ ಮೇಜಿಗೇ ಸೇರಲಿ, ಮೊದಲ ಕೂಟದಲ್ಲಿ ನೀವೂ ಪಕ್ಕದಲ್ಲಿರಿ.

ಸೆಷನ್ ಝೀರೋ

ಒಳ್ಳೆಯ ಮೇಜುಗಳು ಕಥೆ ಆರಂಭಿಸುವ ಮೊದಲು ಒಂದು ದಿನ ಬರೀ ಮಾತಿಗೆ ಸೇರುತ್ತವೆ. ಕಥೆಯ ಬಣ್ಣವೇನು, ಯುದ್ಧದ ಕ್ರೌರ್ಯವನ್ನು ಎಷ್ಟರ ಮಟ್ಟಿಗೆ ತೋರಿಸಬೇಕು, ಯಾವ ವಿಷಯ ಬೇಡವೇ ಬೇಡ ಎಂಬುದನ್ನೆಲ್ಲ ಅಂದೇ ತೀರ್ಮಾನಿಸುತ್ತಾರೆ. ಎಷ್ಟೋ ಮೇಜುಗಳಲ್ಲಿ ‘ಎಕ್ಸ್ ಕಾರ್ಡ್’ ಪದ್ಧತಿಯಿದೆ: ಆಟದ ನಡುವೆ ಯಾವುದಾದರೂ ಸನ್ನಿವೇಶ ಸಹಿಸಲಾಗದಿದ್ದರೆ ಚಾಟ್‌ನಲ್ಲಿ ಎಕ್ಸ್ ಎಂದು ಹಾಕಿದರೆ ಸಾಕು, ಕಾರಣ ಕೇಳದೆ ಆ ದೃಶ್ಯವನ್ನು ಅಲ್ಲಿಗೇ ಬಿಡುತ್ತಾರೆ. ಯುದ್ಧದ ಕಥೆಗೆ ಈ ಏರ್ಪಾಡು ಬೇಕೇ ಬೇಕು. ಸೆಷನ್ ಝೀರೋ ಬೇಡ ಎನ್ನುವ ಗೇಮ್ ಮಾಸ್ಟರಿನ ಮೇಜಿಗೆ ಹೊಸಬರು ಹೋಗದಿರುವುದೇ ಕ್ಷೇಮ.

ಭಾಷೆಯನ್ನೂ ಅಂದೇ ಗೊತ್ತುಮಾಡಿಕೊಳ್ಳಿ. ಮೇಜಿನಲ್ಲಿ ಕನ್ನಡ ಬಲ್ಲವರೇ ಇದ್ದರೆ ಕನ್ನಡದಲ್ಲೇ ಆಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ನಮ್ಮ ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಹಿಂದಿ, ನೆರೆಮನೆಯಲ್ಲಿ ಮರಾಠಿ ಆಡುತ್ತಾರೆ. ಮನೆಯೊಳಗೂ ಹಲವರದು ತುಳು. ಕನ್ನಡ ಉಳಿದಿರುವುದು ಅಜ್ಜಿಯ ಫೋನ್ ಬಂದಾಗ “ಊಟ ಆಯಿತು, ಚೆನ್ನಾಗಿದ್ದೇನೆ” ಎನ್ನುವಷ್ಟಕ್ಕೆ. ಆಟದ ಮೇಜಿನಲ್ಲಿ ಅಷ್ಟು ಸಾಲದು. ಅಲ್ಲಿ ಚೌಕಾಸಿ ಮಾಡಬೇಕು, ಬೆದರಿಸಬೇಕು, ಗಾಯಗೊಂಡ ಗೆಳೆಯನಿಗೆ ಧೈರ್ಯ ಹೇಳಬೇಕು, “ಎಡಕ್ಕೆ ಸರಿ, ಹಿಂದೆ ಇದ್ದಾನೆ!” ಎಂದು ಕೂಗಬೇಕು. ಇಷ್ಟೆಲ್ಲ ಬಗೆಯ ಕನ್ನಡವನ್ನು ಒಂದೇ ಸಂಜೆಯಲ್ಲಿ ಬಾಯಿಗೆ ತರಿಸುವ ಬೇರೆ ಆಟ ನನಗೆ ಗೊತ್ತಿಲ್ಲ. ನಿಯಮದ ಪದಗಳು ಇಂಗ್ಲಿಷಿನಲ್ಲೇ ಇರಲಿ, ತೊಂದರೆಯಿಲ್ಲ. ಕಥೆ ಕನ್ನಡದಲ್ಲಿ ನಡೆಯಲಿ.

ಪೈಲಟ್ ಮೊದಲು, ಯಂತ್ರ ನಂತರ

ಈಗ ಪುಸ್ತಕ ತೆರೆಯಬಹುದು. ‘ಕಾಂಪ್‌ಕಾನ್’ ಎಂಬ ಉಚಿತ ಜಾಲತಾಣವನ್ನೂ ತೆರೆದಿಟ್ಟುಕೊಳ್ಳಿ. ಪಾತ್ರ ಕಟ್ಟುವ ಲೆಕ್ಕವನ್ನೆಲ್ಲ ಅದೇ ನೋಡಿಕೊಳ್ಳುತ್ತದೆ.

ಒಂದು ಪಾತ್ರ ಕಟ್ಟಿ ನೋಡೋಣ. ಅವಳ ಕಾಲ್‌ಸೈನ್, ಅಂದರೆ ರೇಡಿಯೊದಲ್ಲಿ ಕರೆಯುವ ಹೆಸರು, ಮಿಂಚುಳ್ಳಿ. ಬಂದರಿನಲ್ಲಿ ಸರಕು ಎತ್ತುವ ಕ್ರೇನ್‌ಗಳನ್ನು ರಿಪೇರಿ ಮಾಡುತ್ತಿದ್ದವಳು. ಆರಂಭದಲ್ಲಿ ಪೈಲಟ್‌ಗೆ ನಾಲ್ಕು ಕೌಶಲಗಳು ಸಿಗುತ್ತವೆ, ಒಂದೊಂದಕ್ಕೂ 2 ಅಂಕ. ಕೆಟ್ಟ ಯಂತ್ರ ಸರಿಪಡಿಸುವುದು, ಗಾಯಕ್ಕೆ ಪಟ್ಟಿ ಕಟ್ಟುವುದು, ಎಲ್ಲರಿಗಿಂತ ಮೊದಲು ಅಪಾಯ ಗುರುತಿಸುವುದು, ಬೀದಿಯ ಸುದ್ದಿ ಕಿವಿಗೆ ಹಾಕಿಕೊಳ್ಳುವುದು ಇವಳಿಗೆ ಹೊಂದುತ್ತವೆ. ಯಂತ್ರದಿಂದ ಕೆಳಗಿಳಿದು ನಡೆಯುವ ಕಥೆಯಲ್ಲಿ 20 ಮುಖದ ದಾಳ ಉರುಳಿಸಿ, ಕೌಶಲದ 2 ಕೂಡಿಸಿ, 10 ಮುಟ್ಟಿದರೆ ಕೆಲಸ ಆದಂತೆ. ಜೊತೆಗೆ ಮೂರು ಪ್ರತಿಭೆಗಳು, ಮತ್ತು ಯಂತ್ರ ನಡೆಸುವ ನಾಲ್ಕು ಗುಣಗಳಲ್ಲಿ ಹಂಚಿಕೊಳ್ಳಲು ಎರಡು ಅಂಕ. ಹಲ್ ಎಂದರೆ ಒಡಲಿನ ಗಟ್ಟಿತನ, ಅಜಿಲಿಟಿ ಎಂದರೆ ಚುರುಕು, ಸಿಸ್ಟಮ್ಸ್ ಎಂದರೆ ಗಣಕದ ಬಲ, ಇಂಜಿನಿಯರಿಂಗ್ ಎಂದರೆ ಬಿಸಿ ತಾಳುವ ಶಕ್ತಿ. ಹೊಸಬರು ಒಂದು ಅಂಕವನ್ನಾದರೂ ಹಲ್‌ಗೆ ಹಾಕಿದರೆ ಪೆಟ್ಟು ತಿನ್ನುತ್ತ ಕಲಿಯಲು ಸಮಯ ಸಿಗುತ್ತದೆ.

ಪೂರ್ವಕಥೆ ನಾಲ್ಕೈದು ಸಾಲು ಸಾಕು. ಆದರೆ ಅವಳಿಗೆ ಯಾರ ಋಣವಿದೆ, ಯಾರ ಮೇಲೆ ಸಿಟ್ಟಿದೆ ಎಂಬೆರಡನ್ನು ಬಿಡಬೇಡಿ. ಗೇಮ್ ಮಾಸ್ಟರ್ ಕಥೆ ಹೆಣೆಯುವುದು ಆ ಎರಡು ಎಳೆಗಳಿಂದಲೇ.

ಯಂತ್ರದ ಆಯ್ಕೆಯಲ್ಲಿ ತಲೆಬಿಸಿ ಇಲ್ಲ: ಲೈಸೆನ್ಸ್ ಮಟ್ಟ (ಆಡುತ್ತ ಪೈಲಟ್ ಏರುವ ಮೆಟ್ಟಿಲು) ಸೊನ್ನೆಯಲ್ಲಿ ಹೊಸಬರ ಯಂತ್ರ ‘ಎವರೆಸ್ಟ್’. ಮಟ್ಟ 12ರವರೆಗೆ ಏರುತ್ತದೆ, ಏರಿದಂತೆ ಬೇರೆ ಬೇರೆ ತಯಾರಕರ ಯಂತ್ರಗಳು ಕೈಗೆ ಬರುತ್ತವೆ. ಚಿತ್ರ ನೋಡಿ ಮರುಳಾಗಿ ಆರನೆಯ ಮಟ್ಟದ ಯೋಜನೆಯನ್ನು ಈಗಲೇ ಹಾಕಿಕೊಳ್ಳುವ ಹುಮ್ಮಸ್ಸು ಎಲ್ಲರಿಗೂ ಬರುತ್ತದೆ. ತಡೆಯಿರಿ. ಎವರೆಸ್ಟ್ ಸಾಧಾರಣ ಯಂತ್ರದಂತೆ ಕಂಡರೂ ಯಾವ ಕೆಲಸಕ್ಕೂ ಸೈ.

ಒಂದು ಸರದಿ ಹೇಗಿರುತ್ತದೆ?

ಕಾದಾಟ ನಡೆಯುವುದು ಷಟ್ಕೋನದ ಮನೆಗಳಿರುವ ನಕ್ಷೆಯ ಮೇಲೆ. ಯಾರು ಮೊದಲೆಂದು ದಾಳ ಹಾಕುವಂತಿಲ್ಲ. ನಮ್ಮ ಕಡೆಯ ಒಬ್ಬರು ಆಡಿದ ಮೇಲೆ ಶತ್ರುವಿನ ಕಡೆಯ ಒಬ್ಬರು, ಮತ್ತೆ ನಮ್ಮವರು. ಯಾರು ಮುಂದೆ ಹೋಗಬೇಕೆಂದು ಆಟಗಾರರೇ ಮಾತಾಡಿಕೊಳ್ಳಬೇಕು. ಈ ಮಾತುಕತೆಯೇ ಲ್ಯಾನ್ಸರ್‌ನ ಜೀವಾಳ.

ಸರದಿ ಬಂದಾಗ ಚಲನೆಯ ಜೊತೆಗೆ ಎರಡು ಚಿಕ್ಕ ಕ್ರಿಯೆ ಅಥವಾ ಒಂದು ಪೂರ್ಣ ಕ್ರಿಯೆ ನಿಮ್ಮದು. ಮಿಂಚುಳ್ಳಿ ಎವರೆಸ್ಟ್‌ನ ವೇಗದಂತೆ ನಾಲ್ಕು ಮನೆ ಸರಿದು ಮುರಿದ ಸೇತುವೆಯ ಕಂಬದ ಬಳಿ ನಿಂತಳು ಎನ್ನಿ. ಎದುರಿನ ಯಂತ್ರ ಗಟ್ಟಿ ಗೋಡೆಯ ಮರೆಯಲ್ಲಿದೆ. ಆ ಮರೆಯಿಂದಾಗಿ ಮಿಂಚುಳ್ಳಿಗೆ ಎರಡು ತೊಡಕಿನ ದಾಳ, ಅಂದರೆ ಅವಳ ಅಂಕದಿಂದ ಕಳೆಯುವ ದಾಳ. ಆದರೆ ಗೆಳೆಯನೊಬ್ಬ ಆಗಲೇ ಆ ಶತ್ರುವಿನ ಮೇಲೆ ‘ಲಾಕ್ ಆನ್’ ಮಾಡಿಟ್ಟಿದ್ದಾನೆ, ಅಂದರೆ ಗುರಿ ಹಿಡಿದಿಟ್ಟಿದ್ದಾನೆ. ಅದರಿಂದ ಒಂದು ಅನುಕೂಲದ ದಾಳ. ಒಂದಕ್ಕೊಂದು ವಜಾ ಆಗಿ ಉಳಿದದ್ದು ಒಂದು ತೊಡಕು. 20 ಮುಖದ ದಾಳದಲ್ಲಿ 14 ಬಿತ್ತು, ತೊಡಕಿನ ಆರು ಮುಖದ ದಾಳದಲ್ಲಿ 3; ಕಳೆದರೆ 11. ಶತ್ರುವಿನ ಇವೇಶನ್ (ಗುಂಡು ತಗಲಲು ಮುಟ್ಟಬೇಕಾದ ಅಂಕ) 10 ಇದ್ದರೆ ಗುಂಡು ತಗಲಿತು. ಅಸಾಲ್ಟ್ ರೈಫಲ್ ಆರು ಮುಖದ ಒಂದು ದಾಳದಷ್ಟು ಹಾನಿ ಮಾಡುತ್ತದೆ. ಗುರಿ ತಪ್ಪಿದರೂ 2 ಹಾನಿ ಖಚಿತ. ಗೆಳೆಯನ ಲಾಕ್ ಆನ್ ಇಲ್ಲದಿದ್ದರೆ ಇನ್ನೊಂದು ತೊಡಕಿನ ದಾಳ ಉರುಳುತ್ತಿತ್ತು, ಎರಡರಲ್ಲಿ ದೊಡ್ಡದನ್ನು ಕಳೆಯಬೇಕಾಗುತ್ತಿತ್ತು. ಅದು 5 ಬಿದ್ದಿದ್ದರೆ ಗುಂಡು ಗೋಡೆಗೆ.

ಇನ್ನೊಂದು ಕ್ರಿಯೆ ಬೇಕೆನಿಸಿದರೆ ‘ಓವರ್‌ಚಾರ್ಜ್’ ಇದೆ. ಮೊದಲ ಸಲ 1 ಬಿಸಿ ಏರುತ್ತದೆ, ಆಮೇಲೆ ಪ್ರತಿ ಸಲವೂ ಹೆಚ್ಚು. ಎವರೆಸ್ಟ್ ತಾಳುವುದು 6 ಬಿಸಿಯನ್ನು. ಅದನ್ನು ದಾಟಿದರೆ ಯಂತ್ರ ಒಳಗಿನಿಂದಲೇ ಕೆಡತೊಡಗುತ್ತದೆ. ಹಾಗೆಯೇ ಪೆಟ್ಟು ತಾಳುವ 10 ಹಿಟ್ ಪಾಯಿಂಟ್ ಖಾಲಿಯಾದ ಮಾತ್ರಕ್ಕೆ ಎಲ್ಲ ಮುಗಿಯುವುದಿಲ್ಲ. ಯಂತ್ರಕ್ಕೆ ನಾಲ್ಕು ಸ್ಟ್ರಕ್ಚರ್, ಅಂದರೆ ನಾಲ್ಕು ಜೀವ, ಇರುತ್ತವೆ, ಅದರಲ್ಲಿ ಒಂದು ಹೋಗುತ್ತದೆ, ಆಗ ಉರುಳುವ ದಾಳದಿಂದ ತೋಳು ಕಿತ್ತುಹೋಯಿತೋ ಬರೀ ಗೀರೋ ಎಂದು ತಿಳಿಯುತ್ತದೆ. ಯಂತ್ರ ಪೂರ್ತಿ ನಾಶವಾದರೂ ಪೈಲಟ್ ಉಳಿದರೆ ಪೂರ್ಣ ವಿಶ್ರಾಂತಿಯ ಹೊತ್ತಿನಲ್ಲಿ ಅದನ್ನು ಮತ್ತೆ ಕಟ್ಟಿಕೊಳ್ಳಬಹುದು. ಹೊಸಬರು ಅಳುಕದೆ ಮುನ್ನುಗ್ಗಲಿ.

ಮನೆ, ಮೈಕ್, ಮರ್ಯಾದೆ

ನಕ್ಷೆ, ದಾಳಗಳನ್ನು ಪರದೆಗೆ ತರುವ ಫೌಂಡ್ರಿ ಎಂಬ ತಂತ್ರಾಂಶವನ್ನು ಗೇಮ್ ಮಾಸ್ಟರ್ ಒಬ್ಬರು ಒಮ್ಮೆ ಕೊಂಡರೆ ಉಳಿದವರು ಬ್ರೌಸರ್‌ನಲ್ಲೇ ಸೇರಬಹುದು. ಮೊಬೈಲ್ ಪರದೆಯಲ್ಲಿ ನಕ್ಷೆ ನೋಡುವುದು ಕಣ್ಣಿಗೆ ಶಿಕ್ಷೆ, ಲ್ಯಾಪ್‌ಟಾಪ್ ಇರಲಿ. ವನ್ ರೂಮ್ ಕಿಚನ್‌ನಲ್ಲಿ ಮಾತಾಡುವಾಗ ಕುಕ್ಕರ್ ಸೀಟಿ, ಟಿವಿ ಧಾರಾವಾಹಿ ಎಲ್ಲವೂ ಮೇಜಿನವರಿಗೆ ಕೇಳಿಸುತ್ತವೆ. ಡಿಸ್ಕಾರ್ಡ್‌ನಲ್ಲಿ ಗುಂಡಿ ಒತ್ತಿದಾಗ ಮಾತ್ರ ಧ್ವನಿ ಹೋಗುವ ಸೌಲಭ್ಯವಿದೆ, ಅದನ್ನೇ ಬಳಸಿ. ಮಳೆಗಾಲದಲ್ಲಿ ಬ್ರಾಡ್‌ಬ್ಯಾಂಡ್ ಕೈಕೊಟ್ಟರೆ ಮೊಬೈಲ್ ಹಾಟ್‌ಸ್ಪಾಟ್ ಸಿದ್ಧವಿರಲಿ.

ನಿಮ್ಮ ಸರದಿಯನ್ನು ಪಕ್ಕದವರ ಸರದಿ ನಡೆಯುವಾಗಲೇ ಯೋಚಿಸಿಟ್ಟುಕೊಳ್ಳಿ. ಬರಲಾಗದಿದ್ದರೆ ಹಿಂದಿನ ದಿನವೇ ತಿಳಿಸಿ. ಸುಮ್ಮನಿರುವ ಆಟಗಾರರಿದ್ದರೆ ನಿಮ್ಮ ಪಾತ್ರದ ಬಾಯಿಂದಲೇ ಅವರ ಪಾತ್ರಕ್ಕೆ ಒಂದು ಪ್ರಶ್ನೆ ಕೇಳಿ. ಮೇಜಿಗೆ ನೀವು ಮಾಡಬಹುದಾದ ಅತಿ ದೊಡ್ಡ ಉಪಕಾರ ಇದು. ಮೂರು ಕೂಟಗಳಾದರೂ ಮನಸ್ಸು ಹೊಂದದಿದ್ದರೆ ಗೇಮ್ ಮಾಸ್ಟರಿಗೆ ನೇರವಾಗಿ ಹೇಳಿ ಹೊರಡಿ. ಪೈಲಟ್‌ನನ್ನು ಬೇರೆ ಮೇಜಿಗೆ ಒಯ್ಯಲು ಯಾರ ಅಡ್ಡಿಯೂ ಇಲ್ಲ.

ಎಲ್ಲೂ ಜಾಗ ಸಿಗದಿದ್ದರೆ ನಾಲ್ವರನ್ನು ಕೂಡಿಸಿ ನೀವೇ ಗೇಮ್ ಮಾಸ್ಟರ್ ಆಗಿ, ಒಂದು ಒನ್‌ಶಾಟ್‌ನಿಂದ ಆರಂಭಿಸಿ. ವಾರ ಗೊತ್ತುಮಾಡುವಾಗ ಗಣೇಶೋತ್ಸವದ ದಿನಗಳನ್ನೂ ಎಲ್ಲರೂ ಊರಿಗೆ ಹೋಗುವ ಮೇ ತಿಂಗಳನ್ನೂ ಮೊದಲೇ ಕ್ಯಾಲೆಂಡರಿನಿಂದ ಹೊಡೆದುಹಾಕಿ, ಉಳಿದ ಬುಧವಾರಗಳ ಪಟ್ಟಿಯನ್ನು ಗುಂಪಿಗೆ ಕಳಿಸಿಬಿಡಿ.