920 ಗ್ರಾಮಿನ ಕೂಸಿಗೆ ಹೊಲಿದ ಜೋಲಿ

ಏಪ್ರಿಲ್ ತಿಂಗಳ ಶಹಾಪುರದಲ್ಲಿ, ದಿನ ತುಂಬದೆ ಹುಟ್ಟಿದ ಕೂಸನ್ನು ಕಾವಿಗೆಂದು ಬರಿಯೆದೆಗೆ ಕಟ್ಟಿಕೊಂಡು ಕೂರುತ್ತೇನೆ ಎಂದಾಗ ಓಣಿಯವರು ನನ್ನ ತಲೆಗೇ ಬಿಸಿಲು ಏರಿದೆ ಎಂದರು. ಅವ್ವ ಇನ್ನೂ ನೇರ. "ಬಾಣಂತಿಯ ಮಂಚದ ಕೆಳಗೆ ಕೆಂಡ ಇಡುತ್ತೇನೆ, ಲೋಬಾನ ಹಾಕುತ್ತೇನೆ. ನಿನ್ನನ್ನು ಬೆಳೆಸಿದ್ದೂ ಹಾಗೆಯೇ. ಗಂಡಸು ಎಲ್ಲಾದರೂ ಕೂಸಿಗೆ ಕಾವು ಕೊಡುತ್ತಾನೆಯೇ?" ಎಂದಳು. ಕೊಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ. ಇಂಥ ಕೂಸುಗಳ ವಾರ್ಡಿನ ಹೊರಗೆ ಚಾಪೆ ಹಾಸಿ ಮಲಗಿದವರಿಗೆ ಸಿಪ್ಯಾಪ್ ಎಂಬ ಉಸಿರಿಗೆ ಗಾಳಿಯೊತ್ತುವ ಯಂತ್ರ, ಉಸಿರು ನಿಲ್ಲದಂತೆ ಕೊಡುವ ಕೆಫೀನ್, ಹಾಲು ಇಳಿಸುವ ಮೂಗಿನ ನಳಿಕೆ ಇವನ್ನೆಲ್ಲ ವಿವರಿಸಬೇಕಾಗಿಲ್ಲ.

ಮಗಳು ಹುಟ್ಟಿದ್ದು ಜನವರಿಯಲ್ಲಿ, 27ನೇ ವಾರಕ್ಕೆ, 920 ಗ್ರಾಂ. ನೋವು ಶುರುವಾದ ರಾತ್ರಿಯೇ ಜೇವರ್ಗಿ ದಾಟಿ, ಕಟ್ಟಿಸಂಗಾವಿ ಸೇತುವೆ ದಾಟಿ ಹೆಂಡತಿಯನ್ನು ಕಲಬುರಗಿಗೆ ಒಯ್ದಿದ್ದೆವು. ಕೂಸು ಹೊಟ್ಟೆಯಲ್ಲಿರುವಾಗಲೇ ದೊಡ್ಡ ಊರು ಸೇರಿದ್ದೇ ಅರ್ಧ ಗೆಲುವು ಎಂದು ಆಮೇಲೆ ಗೊತ್ತಾಯಿತು. ಏಳರಲ್ಲಿ ಹುಟ್ಟಿದ್ದು ಉಳಿಯುತ್ತದೆ, ಎಂಟರಲ್ಲಿ ಹುಟ್ಟಿದ್ದು ಉಳಿಯುವುದಿಲ್ಲ ಎಂದು ಹಿರಿಯರು ಹೇಳುವುದುಂಟು. ಎರಡು ತಿಂಗಳು ವಾರ್ಡಿನ ಬಾಗಿಲಲ್ಲಿ ಕೂತು ನೋಡಿದ್ದೇನೆ, ಅದು ಶುದ್ಧ ಸುಳ್ಳು. ಒಳಗೆ ಕಳೆದ ಒಂದೊಂದು ವಾರಕ್ಕೂ ಬೆಲೆಯಿದೆ.

ಮೊದಲ ಒಂಬತ್ತು ದಿನ ಖಾಸಗಿ ಆಸ್ಪತ್ರೆ. ಪುಪ್ಪುಸ ಅರಳಿಸುವ ಔಷಧ, ಉಸಿರಿನ ಯಂತ್ರ, ಕೋಣೆ ಎಲ್ಲ ಸೇರಿ ಸುಮಾರು 1 ಲಕ್ಷ 60 ಸಾವಿರ ಆಯಿತು. ಎಂಟು ಕ್ವಿಂಟಲ್ ತೊಗರಿ ಮಾರಿದ್ದರಿಂದ 55 ಸಾವಿರದಷ್ಟು ಬಂತು, ಹೆಂಡತಿಯ ಬೋರಮಾಳ ಅಡವು ಹೋಯಿತು, ಉಳಿದದ್ದಕ್ಕೆ ಭಾವನ ಮುಂದೆ ಕೈಚಾಚಿದೆ. ಹತ್ತನೇ ದಿನ ಸರಕಾರಿ ವಾರ್ಡಿಗೆ ಬದಲಾಯಿಸಿದಾಗ "ಅಲ್ಲಿ ಯಾರು ನೋಡುತ್ತಾರೆ?" ಎಂದು ನೆಂಟರೆಲ್ಲ ಬೈದರು. ಕೂಸುಗಳ ಚಿಕಿತ್ಸೆ ಅಲ್ಲಿ ಉಚಿತ. ನನಗೆ ಖರ್ಚಾದದ್ದು ಬಾಡಿಗೆ ಕೋಣೆಗೆ, ಊಟಕ್ಕೆ, ಆಟೋಗೆ. ಮೊದಲೇ ಅಲ್ಲಿಗೆ ಹೋಗಿದ್ದರೆ ಎಂದು ಈಗಲೂ ಹೊಟ್ಟೆ ಉರಿಯುತ್ತದೆ, ಆದರೆ ಅಂದು ಹಾಸಿಗೆ ಖಾಲಿ ಇರಲಿಲ್ಲ.

ತೂಕ 840ಕ್ಕೆ ಇಳಿದು, ಮತ್ತೆ ಏರಿ, ಒಂದೂಕಾಲು ಕೆಜಿ ದಾಟಿದ ಮೇಲೆ ಕಾಂಗರೂ ಆರೈಕೆ, ಅಂದರೆ ಕೂಸನ್ನು ಬರಿಯೆದೆಗೆ ಒತ್ತಿ ಕಟ್ಟಿಕೊಂಡು ಕೂರುವುದು, ಶುರು ಮಾಡಿಸಿದರು. ಕೊಲಂಬಿಯಾ ದೇಶದ ಬೊಗೊಟಾದಲ್ಲಿ ಕೂಸಿಗೆ ಕಾವು ಕೊಡುವ ಪೆಟ್ಟಿಗೆಗಳು ಸಾಲದೆ ಹುಟ್ಟಿದ ಉಪಾಯವಂತೆ. ಹೆಂಡತಿಗೆ ಮೂರು ತಾಸಿಗೊಮ್ಮೆ ಹಾಲು ಹಿಂಡಬೇಕು, ಹೊಲಿಗೆಯ ಗಾಯ ಬೇರೆ ಕೀವಾಗಿತ್ತು. ನಾನು ಕೂರುತ್ತೇನೆ ಎಂದೆ. ಸಿಸ್ಟರ್ ನಕ್ಕರು: "ಗಂಡಸರು ಹತ್ತು ನಿಮಿಷ ಕೂರುತ್ತಾರೆ, ಆಮೇಲೆ ಫೋನ್ ಬಂತು ಎಂದು ಏಳುತ್ತಾರೆ." ಮೊದಲ ದಿನವೇ ಎರಡೂವರೆ ತಾಸು ಕೂತೆ. ಫೋನ್ ಅವರ ಕೈಗೇ ಕೊಟ್ಟಿದ್ದೆ.

ನಾನು ಹದಿನೆಂಟು ವರ್ಷದಿಂದ ಟೇಲರ್. ಕೂಸನ್ನು ಎದೆಗೆ ಕಟ್ಟುವ ವಾರ್ಡಿನ ಬಟ್ಟೆಪಟ್ಟಿ ಸಡಿಲವಾಗಿತ್ತು, ಜೋಲಿಯನ್ನು ನಾನೇ ಹೊಲಿದೆ. ಮೊದಲನೆಯದು ಟೆರಿಕಾಟ್: ಬೆವರಿಗೆ ಜಾರಿತು. ಎರಡನೆಯದಕ್ಕೆ ವೆಲ್ಕ್ರೋ ಹಾಕಿದೆ: ಕೂಸಿನ ತೊಡೆ ಗೀಚಿತು. ಮೂರನೆಯದಕ್ಕೆ ಎಲಾಸ್ಟಿಕ್ ಹಾಕಿ ಬೀಗುತ್ತಿದ್ದಾಗ ಕೂಸಿನ ಗದ್ದ ಎದೆಗೆ ಬಾಗಿ, ತುಟಿ ನೀಲಿಯಾಗಿ, ಯಂತ್ರ ಕೂಗಿತು. ಸಿಸ್ಟರ್ ಓಡಿಬಂದು ತಲೆ ಒಂದು ಮಗ್ಗುಲಿಗೆ ತಿರುಗಿಸಿ, ಗದ್ದ ತುಸು ಎತ್ತಿದರು, ಬಣ್ಣ ಮರಳಿತು. ಆ ರಾತ್ರಿ ನನ್ನ ಕೈ ಸೂಜಿ ಹಿಡಿಯಲಿಲ್ಲ. ನಾಲ್ಕನೆಯದು ಬನಿಯನ್ ಬಟ್ಟೆ, ಕೊಳವೆಯಂತೆ ಹೊಲಿದದ್ದು, ಮೇಲಂಚು ಕಿವಿಯ ಕೆಳಗೆ ನಿಲ್ಲುತ್ತದೆ. ಆ ಅಂಚು ಮಡಚದಂತೆ, ಬಿಗಿಯದಂತೆ ಒಳಗೆ ಏನು ಕೊಟ್ಟಿದ್ದೇನೆ ಎನ್ನುವುದನ್ನು ಬರೆಯುವುದಿಲ್ಲ. ಅಂಗಡಿಗೆ ಬಂದರೆ ಹೊಲಿದುಕೊಡುತ್ತೇನೆ, ಬಟ್ಟೆಯ ದುಡ್ಡು ಮಾತ್ರ.

64 ದಿನಕ್ಕೆ, 1,700 ಗ್ರಾಂ ಇದ್ದಾಗ ಮನೆಗೆ ಕಳಿಸಿದರು. ಬರುವ ದಾರಿಯಲ್ಲೇ ಐದು ಕೆಜಿಯ ಒಂದು ತಕ್ಕಡಿ ಕೊಂಡೆ, 1,300 ರೂಪಾಯಿ ಇರಬೇಕು. ಅಂಗಡಿಯವನು ಹತ್ತು ಕೆಜಿಯದನ್ನೇ ಒಯ್ಯಿರಿ ಎಂದ. ಐದು ಮುಟ್ಟಿದರೆ ಸಾಕಪ್ಪ ಎಂದೆ.

ಮನೆಯಲ್ಲಿ ಮೊದಲ ಹತ್ತು ದಿನ ಅವ್ವನ ಮಾತಿಗೆ ಸೋತೆ. ಕೆಂಡ ಬೇಡ ಎನ್ನುವುದರಲ್ಲಿ ಮಾತ್ರ ಗೆದ್ದೆ. ಬಟ್ಟೆಯಲ್ಲಿ ಸುತ್ತಿ ಮಲಗಿಸಿದ ಕೂಸು ಏರಿದ್ದು ಬರೀ 60 ಗ್ರಾಂ. ಒಳಲೆಯಲ್ಲಿ ಹಾಲು ಕುಡಿಸುವಾಗಲೇ ನಿದ್ದೆ ಹೋಗುತ್ತಿತ್ತು. ಹನ್ನೊಂದನೇ ದಿನ ಜೋಲಿ ಕಟ್ಟಿದೆ. ನಮ್ಮ ಮನೆಗೆ ಮೇಲೂ ಕೆಳಗೂ ಶಹಾಬಾದ್ ಕಲ್ಲು. ನೆಲ ತಂಪು, ಛಾವಣಿ ಹೆಂಚಿನಂತೆ ಕಾಯುತ್ತದೆ. ಎರಡನೇ ಮಧ್ಯಾಹ್ನ ಕೂಸಿನ ಕಂಕುಳಲ್ಲಿ ಥರ್ಮಾಮೀಟರ್ 37.9 ಡಿಗ್ರಿ ಸೆಲ್ಸಿಯಸ್ ತೋರಿಸಿತು. ಟೊಪ್ಪಿಗೆ, ಕಾಲುಚೀಲ ತೆಗೆದು, ಜೋಲಿ ಬಿಚ್ಚಿದೆ. ಅರ್ಧ ತಾಸಿಗೆ 37ಕ್ಕೆ ಇಳಿಯಿತು. ಕೂಲರ್ ನೇರವಾಗಿ ಬಿಟ್ಟು ನೋಡಿದೆ, ಕಾಲು ತಣ್ಣಗಾದವು. ಕೂಲರಿನ ಮುಖ ಗೋಡೆಗೆ ತಿರುಗಿಸಿದೆ. ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿದೆ. ಕರೆಂಟ್ ಹೋದಾಗ ಅದೊಂದೇ ಗತಿ. ಕೊನೆಗೆ ಕುದುರಿದ್ದು ಹೀಗೆ: ಸಂಜೆ ಏಳರಿಂದ ಬೆಳಿಗ್ಗೆ ಎಂಟರವರೆಗೆ ಎದೆಯ ಮೇಲೆ, ನಡುಹಗಲು ಪಕ್ಕದ ಚಿಕ್ಕಪ್ಪನ ಮಣ್ಣಿನ ಮಾಳಿಗೆಯಲ್ಲಿ ತಾಯಿಯ ಹತ್ತಿರ. ದಿಂಬಿಗೆ ಒರಗಿ ಕೂರುತ್ತಿದ್ದೆ, ನನಗೆ ಜೊಂಪು ಹತ್ತಿದರೆ ತಮ್ಮ ಅಥವಾ ಅವ್ವ ಕಾವಲು. ಮೊದಲ ವಾರವೇ ದಿನಕ್ಕೆ 25, 30 ಗ್ರಾಂ ಏರಿತು. ಅವ್ವ ತಾನೇ ತಕ್ಕಡಿಯ ಮೇಲೆ ಒಂದು ಕೆಜಿ ತೊಗರಿಬೇಳೆಯ ಪೊಟ್ಟಣ ಇಟ್ಟು ಪರೀಕ್ಷಿಸಿದಳು. ತಕ್ಕಡಿ ಸರಿಯಿತ್ತು.

ಹಾಲು ಒಯ್ಯುವ ಪ್ರಯೋಗವೂ ಒಂದು ನಡೆಯಿತು. ವಾರ್ಡಿನಲ್ಲಿದ್ದಾಗ ಬಾಡಿಗೆ ಕೋಣೆಯಿಂದ ಚಹಾದ ಫ್ಲಾಸ್ಕಿನಲ್ಲಿ ಒಯ್ದೆ, ಮೂಸಿ ನೋಡಿ ಚೆಲ್ಲಿಸಿದರು. ಐಸ್ ಹಾಕಿದ ಸ್ಟೀಲ್ ಡಬ್ಬಿ ನಡೆಯಿತು. ದಿನ ತುಂಬದ ಕೂಸುಗಳಿಗೆ ಮಾಡುವ ಕಣ್ಣಿನ ಪರದೆಯ ಪರೀಕ್ಷೆಗೆ ನಾಲ್ಕು ಸಲ ಹೋದೆವು. ಒಂದು ಸಲ ದುಡ್ಡಿಲ್ಲದೆ ತಪ್ಪಿಸುವವನಿದ್ದೆ, ಹೆಂಡತಿ ಜಗಳ ತೆಗೆದು ಬಸ್ ಹತ್ತಿಸಿದಳು.

ಈಗ ಓಣಿಯಲ್ಲಿ ಅವ್ವನೇ ಜೋಲಿ ಕಟ್ಟುವುದನ್ನು ಕಲಿಸುತ್ತಾಳೆ, ಗದ್ದದ ವಿಷಯ ತನ್ನದೇ ಶೋಧ ಎಂಬಂತೆ ಹೇಳುತ್ತಾಳೆ. ಬೋರಮಾಳ ಇನ್ನೂ ಬಿಡಿಸಿಲ್ಲ. ಮೊನ್ನೆ ಮಗಳನ್ನು ತಕ್ಕಡಿಯ ಮೇಲಿಟ್ಟರೆ ಅಂಕಿಯೇ ಬರಲಿಲ್ಲ. ಕೆಟ್ಟಿತೇನೋ ಎಂದು ಬೇಳೆಯ ಪೊಟ್ಟಣ ಇಟ್ಟೆ: ಸರಿಯಾಗಿ ಒಂದು ಕೆಜಿ. ನಾಳೆ ಅಂಗನವಾಡಿಯ ತಕ್ಕಡಿಗೆ ಒಯ್ಯಬೇಕು.