ವಿಮಾನದ ದೂರ, ಪ್ರಯಾಣದ ಸಮಯ: ನಾನು ಲೆಕ್ಕ ಹಾಕುವ ಬಗೆ

ಗೋಡೆಗೆ ತೂಗುಹಾಕಿದ ಭೂಪಟದ ಮೇಲೆ ಸ್ಕೇಲ್ ಇಟ್ಟರೆ ವಿಮಾನದ ದೂರ ಸಿಗುವುದಿಲ್ಲ. ಭೂಮಿ ಉರುಟಾಗಿರುವುದರಿಂದ ಎರಡು ಊರುಗಳ ನಡುವಿನ ಅತಿ ಹತ್ತಿರದ ದಾರಿ ಮಹಾವೃತ್ತದ, ಅಂದರೆ ಭೂಮಿಯನ್ನು ಸರಿಯಾಗಿ ಎರಡು ಸಮಭಾಗ ಮಾಡುವ ವೃತ್ತದ, ಮೇಲೆ ಸಾಗುತ್ತದೆ. ಲಂಡನ್‌ನಿಂದ ಟೋಕಿಯೊಗೆ ಆ ದಾರಿ ಸ್ಕ್ಯಾಂಡಿನೇವಿಯಾ, ಸೈಬೀರಿಯಾಗಳ ಮೇಲೆ ಹತ್ತಿರಹತ್ತಿರ 71 ಡಿಗ್ರಿ ಉತ್ತರ ಅಕ್ಷಾಂಶದವರೆಗೂ ಏರುತ್ತದೆ.

ನಾನು ಊರಿನ ನಡುಭಾಗವನ್ನು ಬಿಟ್ಟು ವಿಮಾನ ನಿಲ್ದಾಣದ ಅಕ್ಷಾಂಶ, ರೇಖಾಂಶಗಳನ್ನೇ ತೆಗೆದುಕೊಳ್ಳುತ್ತೇನೆ. ಲಂಡನ್‌ನ ಹೀಥ್ರೋ 51.47 ಉತ್ತರ, 0.45 ಪಶ್ಚಿಮ, ಟೋಕಿಯೊದ ಹನೇಡಾ 35.55 ಉತ್ತರ, 139.78 ಪೂರ್ವ. ಪಶ್ಚಿಮ ರೇಖಾಂಶಕ್ಕೂ ದಕ್ಷಿಣ ಅಕ್ಷಾಂಶಕ್ಕೂ ಮೈನಸ್ ಚಿಹ್ನೆ ಹಾಕಲೇಬೇಕು. ಹಾಗಾಗಿ ಇಲ್ಲಿ ರೇಖಾಂಶಗಳ ವ್ಯತ್ಯಾಸ 140.23.

ಎರಡೂ ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿದರೆ 0.4548. ಅವುಗಳ ಕೊಸೈನ್‌ಗಳನ್ನು ಗುಣಿಸಿ, ರೇಖಾಂಶ ವ್ಯತ್ಯಾಸದ ಕೊಸೈನ್‌ನಿಂದ ಮತ್ತೆ ಗುಣಿಸಿದರೆ ಮೈನಸ್ 0.3895. ಕೂಡಿದರೆ 0.0653. ಕೊಸೈನ್ ಇಷ್ಟಿರುವ ಕೋನ 86.26 ಡಿಗ್ರಿ. ಒಂದು ಡಿಗ್ರಿಗೆ 111.19 ಕಿ.ಮೀ.ಯಂತೆ ಸುಮಾರು 9,590 ಕಿ.ಮೀ. ಭೂಮಿ ಪೂರ್ತಿ ಗೋಳವಲ್ಲದ ಕಾರಣ ಶೇ. 0.5ರವರೆಗೆ ಹೆಚ್ಚುಕಡಿಮೆ ಆಗಬಹುದು. ಸಮಯದ ಅಂದಾಜಿಗೆ ಅದು ಲೆಕ್ಕಕ್ಕಿಲ್ಲ.

ಉತ್ತರ ಅಸಂಬದ್ಧವಾಗಿ ಬಂದರೆ ಮೊದಲು ನೋಡಬೇಕಾದದ್ದು ರೇಡಿಯನ್. ಸ್ಪ್ರೆಡ್‌ಶೀಟ್‌ಗಳು ಕೋನವನ್ನು ಡಿಗ್ರಿಯಲ್ಲಿ ಓದುವುದಿಲ್ಲ, ರೇಡಿಯನ್ ಎಂಬ ಇನ್ನೊಂದು ಅಳತೆಯಲ್ಲಿ ಓದುತ್ತವೆ. ಇನ್ನೊಂದು, 51 ಡಿಗ್ರಿ 28 ನಿಮಿಷ ಎಂದರೆ 51.28 ಅಲ್ಲ, 28ನ್ನು 60ರಿಂದ ಭಾಗಿಸಿ 51.47 ಎಂದು ಬರೆಯಬೇಕು. ದೂರ ನಾಟಿಕಲ್ ಮೈಲಿಯಲ್ಲಿ ಕೊಟ್ಟಿದ್ದರೆ ಕಿ.ಮೀ.ಗೆ ಬದಲಿಸಲು 1.852ರಿಂದ ಗುಣಿಸಿ, ಸಾಮಾನ್ಯ ಮೈಲಿಯ 1.609ರಿಂದಲ್ಲ.

ಸಮಯದ ಲೆಕ್ಕದಲ್ಲಿ ಹೆಚ್ಚು ಎಚ್ಚರ ಬೇಕು. ದೂರ ಹಾರುವ ದೊಡ್ಡ ಜೆಟ್‌ಗಳ ವೇಗ ಗಂಟೆಗೆ ಸುಮಾರು 900 ಕಿ.ಮೀ. ಭಾಗಿಸಿದರೆ 10 ಗಂಟೆ 40 ನಿಮಿಷ. ಮೇಲೇರಲು, ಇಳಿಯಲು, ಗೇಟ್‌ನಿಂದ ರನ್‌ವೇವರೆಗೆ ಸಾಗಲು ಮುಕ್ಕಾಲು ಗಂಟೆ ಸೇರಿಸುತ್ತೇನೆ. ಟಿಕೆಟ್‌ನಲ್ಲಿರುವುದು ಗೇಟ್‌ನಿಂದ ಗೇಟ್‌ವರೆಗಿನ ಸಮಯವಾದ್ದರಿಂದ ಇದನ್ನು ಬಿಡುವಂತಿಲ್ಲ. ಅಲ್ಲಿಗೆ ಸುಮಾರು ಹನ್ನೊಂದೂವರೆ ಗಂಟೆಯಾಯಿತು.

ಆದರೆ ಈಗಿನ ವಿಮಾನಗಳಿಗೆ ಸುಮಾರು 14 ಗಂಟೆ ಬೇಕು. 2022ರಿಂದ ಬ್ರಿಟನ್, ಜಪಾನ್‌ಗಳ ವಿಮಾನಗಳು ರಷ್ಯಾದ ಮೇಲೆ ಹಾರುತ್ತಿಲ್ಲ. ಮಧ್ಯ ಏಷ್ಯಾದ ಕಡೆಯಿಂದಲೋ ಅಲಾಸ್ಕಾ ಕಡೆಯಿಂದಲೋ ಸುತ್ತಿ ಹೋಗುತ್ತವೆ. ಸೂತ್ರದಲ್ಲಿ ತಪ್ಪಿಲ್ಲ, ದಾರಿಯೇ ಬೇರೆ. ಆದ್ದರಿಂದ ನಿಜವಾದ ಮಾರ್ಗವನ್ನು ನೋಡದೆ ಸಮಯ ಹೇಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಸುತ್ತುದಾರಿಯಾದರೆ ನಡುವಿನ ಒಂದೆರಡು ಬಿಂದುಗಳನ್ನು ಹಿಡಿದು ತುಂಡುತುಂಡಾಗಿ ಕೂಡುತ್ತೇನೆ.

ಗಾಳಿಯದೂ ದೊಡ್ಡ ಪಾತ್ರ. ನ್ಯೂಯಾರ್ಕ್–ಲಂಡನ್ 5,540 ಕಿ.ಮೀ. ಜೆಟ್ ಸ್ಟ್ರೀಮ್ ಎಂಬ ಎತ್ತರದ ಬಿರುಸು ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಅದು ಸರಾಸರಿ ಗಂಟೆಗೆ 100 ಕಿ.ಮೀ. ಇದ್ದರೆ ಪೂರ್ವಕ್ಕೆ ಐದೂವರೆ ಗಂಟೆ, ಪಶ್ಚಿಮಕ್ಕೆ ಏಳಕ್ಕೆ ಹತ್ತಿರ. ಇದು ಹಾರಾಟದ ಸಮಯ ಮಾತ್ರ.

ತಲುಪುವ ಹೊತ್ತನ್ನು ಯುಟಿಸಿಗೆ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯಕ್ಕೆ, ಬದಲಿಸಿಕೊಂಡೇ ಲೆಕ್ಕ ಹಾಕಿ. ಚಳಿಗಾಲದಲ್ಲಿ ಲಂಡನ್ ಸಮಯವೇ ಯುಟಿಸಿ, ಟೋಕಿಯೊ ಅದಕ್ಕಿಂತ 9 ಗಂಟೆ ಮುಂದೆ. ಚಳಿಗಾಲದಲ್ಲಿ ಲಂಡನ್‌ನಿಂದ ಸಂಜೆ 7ಕ್ಕೆ ಹೊರಟು 14 ಗಂಟೆ ಹಾರಿದರೆ ಮರುದಿನ ಯುಟಿಸಿ ಬೆಳಗ್ಗೆ 9, ಟೋಕಿಯೊದಲ್ಲಿ ಸಂಜೆ 6. ಬರುವಾಗ ಟೋಕಿಯೊದಿಂದ ಬೆಳಗ್ಗೆ 9ಕ್ಕೆ ಹೊರಟರೆ ಅದೇ ದಿನ ಮಧ್ಯಾಹ್ನ 2ಕ್ಕೆ ಲಂಡನ್. ಬರೀ ಸ್ಥಳೀಯ ಗಡಿಯಾರ ನೋಡಿದರೆ ಹೋಗಲು 23 ಗಂಟೆ, ಬರಲು 5 ಗಂಟೆ ಎಂದು ಕಾಣುತ್ತದೆ. ಬೇಸಿಗೆಯಲ್ಲಿ ಲಂಡನ್ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ, ಟೋಕಿಯೊದ್ದು ಬದಲಾಗುವುದಿಲ್ಲ.